ಡಯಾಲಿಸಿಸ್ ತುಂಬಿಕೊಡದ ನಷ್ಟ: ಹಠಾತ್ ಮೂತ್ರಪಿಂಡ ಹಾನಿಯಲ್ಲಿ ಸಕ್ಕರೆ, ಸ್ನಾಯು ಮತ್ತು ಕೊಬ್ಬಿನ ಚಯಾಪಚಯ

ಕೆಲವೇ ಗಂಟೆ ಅಥವಾ ದಿನಗಳಲ್ಲಿ ಮೂತ್ರಪಿಂಡ ಸೋಲುವ ಸ್ಥಿತಿಯನ್ನು ಗುರುತಿಸಲು ವೈದ್ಯಲೋಕ ಇಂದು ಬಳಸುವುದು ಕೆಡಿಗೋ ಸಂಸ್ಥೆ 2012ರಲ್ಲಿ ಗೊತ್ತುಪಡಿಸಿದ ಮಾನದಂಡವನ್ನು. ರಕ್ತದ ಕ್ರಿಯಾಟಿನಿನ್ 48 ಗಂಟೆಗಳೊಳಗೆ ಡೆಸಿಲೀಟರಿಗೆ 0.3 ಮಿಲಿಗ್ರಾಂ ಏರಿರಬೇಕು. ಇಲ್ಲವೇ ಏಳು ದಿನಗಳೊಳಗೆ ಮೊದಲಿದ್ದುದರ ಒಂದೂವರೆ ಪಟ್ಟಾಗಿರಬೇಕು. ಅದೂ ಅಲ್ಲದಿದ್ದರೆ ಸತತ ಆರು ಗಂಟೆ ಮೂತ್ರದ ಪ್ರಮಾಣ ದೇಹತೂಕದ ಪ್ರತಿ ಕೆಜಿಗೆ ಗಂಟೆಗೆ ಅರ್ಧ ಮಿಲಿಲೀಟರಿಗಿಂತ ಕೆಳಗಿಳಿದಿರಬೇಕು. ಈ ಮೂರೂ ಅಳತೆಗಳು ಹೇಳುವುದು ಮೂತ್ರಪಿಂಡವೆಂಬ ಜರಡಿ ಎಷ್ಟು ಸೋಸುತ್ತಿದೆ ಎಂಬುದನ್ನು ಮಾತ್ರ. ಮೂತ್ರಪಿಂಡ ಸಕ್ಕರೆಯನ್ನೂ ತಯಾರಿಸುತ್ತದೆ, ಇನ್ಸುಲಿನ್ನನ್ನು ಒಡೆದು ಹಾಕುತ್ತದೆ, ಅಮೈನೋ ಆಮ್ಲಗಳನ್ನು ಒಂದರಿಂದ ಇನ್ನೊಂದಕ್ಕೆ ಮಾರ್ಪಡಿಸುತ್ತದೆ ಎಂಬ ಸಂಗತಿಗಳಿಗೆ ಈ ವ್ಯಾಖ್ಯೆಯಲ್ಲಿ ಜಾಗವಿಲ್ಲ.

ಜರಡಿ ಕೆಟ್ಟದ್ದೇ ಸಾವಿಗೆ ಕಾರಣವಾಗಿದ್ದರೆ, ಕೃತಕವಾಗಿ ಹೆಚ್ಚು ಸೋಸಿದಷ್ಟೂ ಹೆಚ್ಚು ಜನ ಬದುಕಬೇಕಿತ್ತು. ಈ ಊಹೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಲಾಗಿದೆ. 2008ರಲ್ಲಿ ಅಮೆರಿಕದಲ್ಲಿ 1,124 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ತೀವ್ರ ಡಯಾಲಿಸಿಸ್ ಪಡೆದವರಲ್ಲಿ 60 ದಿನಗಳೊಳಗೆ ತೀರಿಕೊಂಡವರು ಶೇ. 53.6, ಸಾಮಾನ್ಯ ಪ್ರಮಾಣದ್ದು ಪಡೆದವರಲ್ಲಿ ಶೇ. 51.5. ಮರುವರ್ಷ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ 1,508 ರೋಗಿಗಳ ಅಧ್ಯಯನದಲ್ಲಿ ಎರಡೂ ಗುಂಪಿನ 90 ದಿನಗಳ ಮರಣ ಪ್ರಮಾಣ ಶೇ. 44.7ರಲ್ಲೇ ನಿಂತಿತು. ಹೆಚ್ಚು ಸೋಸುವುದರಿಂದ ಆಗದ್ದು ಬೇಗ ಸೋಸುವುದರಿಂದ ಆದೀತೇ ಎಂಬ ಪ್ರಶ್ನೆಗೆ 2016ರ ಫ್ರಾನ್ಸಿನ ಅಧ್ಯಯನವೂ 2020ರ ಸ್ಟಾರ್ಟ್-ಎಕೆಐ ಅಧ್ಯಯನವೂ ಇಲ್ಲವೆಂದೇ ಉತ್ತರಿಸಿದವು. ಫ್ರಾನ್ಸಿನಲ್ಲಂತೂ ಕಾದು ನೋಡುವ ಗುಂಪಿನ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಡಯಾಲಿಸಿಸ್ ಬೇಕಾಗಲೇ ಇಲ್ಲ. ಡಯಾಲಿಸಿಸ್ ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಏರಿದ ಪೊಟ್ಯಾಸಿಯಂ, ಶ್ವಾಸಕೋಶಕ್ಕೆ ತುಂಬಿದ ನೀರು ಮುಂತಾದ ತುರ್ತಿನಲ್ಲಿ ಅದು ಪ್ರಾಣ ಉಳಿಸುತ್ತದೆ. ಆದರೆ ಒಂದು ಮಟ್ಟ ದಾಟಿದ ಮೇಲೆ ಸೋಸುವಿಕೆಯನ್ನು ಹೆಚ್ಚಿಸಿ ಫಲವಿಲ್ಲ. ರೋಗಿ ಕಳೆದುಕೊಂಡದ್ದು ಇನ್ನೂ ಏನೋ ಇದೆ. ಅದರ ದೊಡ್ಡ ಪಾಲು ಚಯಾಪಚಯದಲ್ಲಿದೆ ಎಂಬುದು ಈ ಲೇಖನದ ವಾದ.

ನಳಿಕೆಯ ಇಂಧನ

ಎರಡೂ ಮೂತ್ರಪಿಂಡ ಸೇರಿದರೆ ತೂಕ 300 ಗ್ರಾಂ ಆಸುಪಾಸು, ಅಂದರೆ ದೇಹತೂಕದ ಶೇ. ಅರ್ಧದಷ್ಟು. ಹೃದಯ ಹೊರಹಾಕುವ ರಕ್ತದಲ್ಲಿ ಐದನೇ ಒಂದು ಭಾಗ ಇವುಗಳ ಪಾಲು. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ನಳಿಕೆಗಳಿಗೆ ಇಳಿಯುತ್ತದೆ. ಅದರೊಡನೆ ಹೋಗುವ ಸೋಡಿಯಂ ಉಪ್ಪಿನ ಲೆಕ್ಕದಲ್ಲಿ ಸುಮಾರು ಒಂದೂವರೆ ಕೆಜಿ. ಶೇ. 99ಕ್ಕಿಂತ ಹೆಚ್ಚು ಉಪ್ಪನ್ನು ನಳಿಕೆಯ ಗೋಡೆಯ ಕೋಶಗಳು ಮತ್ತೆ ರಕ್ತಕ್ಕೆ ಎತ್ತಿಕೊಡಬೇಕು. ಸೋಸುವುದು ಹೃದಯದ ಒತ್ತಡದಿಂದ ತಾನಾಗಿ ನಡೆಯುವ ಕೆಲಸ. ಹಿಂದಕ್ಕೆ ಎತ್ತಿಕೊಳ್ಳುವುದಕ್ಕೆ ಮಾತ್ರ ಶಕ್ತಿ ಖರ್ಚಾಗುತ್ತದೆ. ಮೂತ್ರಪಿಂಡ ಬಳಸುವ ಆಮ್ಲಜನಕದ ಬಹುಪಾಲು ಹೋಗುವುದು ಸೋಡಿಯಂ ಪಂಪುಗಳಿಗೇ. ಮೈಟೋಕಾಂಡ್ರಿಯಾಗಳ ದಟ್ಟಣೆಯಲ್ಲಿ ಈ ಅಂಗ ಹೃದಯದ ನಂತರದ ಸ್ಥಾನದಲ್ಲಿರುವುದು ಈ ಕಾರಣಕ್ಕೆ.

ನಳಿಕೆಯ ಮೊದಲ ಭಾಗವಾದ ಸಮೀಪ ನಳಿಕೆಗೆ ಒಂದು ವಿಶೇಷವಿದೆ. ಅದು ಗ್ಲುಕೋಸನ್ನು ಎತ್ತಿಕೊಡುತ್ತದೆ, ತಾನು ತಯಾರಿಸಲೂ ಬಲ್ಲದು, ಆದರೆ ಅದನ್ನು ಉರಿಸಿ ಬದುಕುವುದಿಲ್ಲ. ಅದರ ಮುಖ್ಯ ಇಂಧನ ಕೊಬ್ಬಿನ ಆಮ್ಲ. ಪಾಲ್ಮಿಟಿಕ್ ಆಮ್ಲದ ಒಂದು ಅಣುವಿನಿಂದ ಕೋಶದ ಶಕ್ತಿನಾಣ್ಯವಾದ ಎಟಿಪಿ 106 ಸಿಕ್ಕಿದರೆ, ಗ್ಲುಕೋಸಿನ ಒಂದು ಅಣುವಿನಿಂದ ಆಮ್ಲಜನಕ ಇದ್ದಾಗಲೂ ಸಿಗುವುದು 30ರಿಂದ 32. ಇಷ್ಟೊಂದು ಪಂಪುಗಳನ್ನು ನಡೆಸುವ ಕೋಶಕ್ಕೆ ಕೊಬ್ಬು ಲಾಭದ ಇಂಧನವೇ, ಸಂಶಯವಿಲ್ಲ. ಆದರೆ ಆಮ್ಲಜನಕವಿಲ್ಲದೆ ಕೊಬ್ಬು ಉರಿಯದು. ಮೂತ್ರಪಿಂಡದ ಹೊರಭಾಗದಲ್ಲಿ ಆಮ್ಲಜನಕದ ಒತ್ತಡ ಸುಮಾರು 50 ಮಿಮೀ ಪಾದರಸದಷ್ಟಿದ್ದರೆ ಒಳಭಾಗದಲ್ಲಿ ಅದು 10ರಿಂದ 20ಕ್ಕೆ ಇಳಿದಿರುತ್ತದೆ. ಆರೋಗ್ಯವಂತರಲ್ಲೂ ಇದೇ ಸ್ಥಿತಿ. ಸಮೀಪ ನಳಿಕೆಯ ಕೊನೆಯ ತುಂಡು ಇಳಿಯುವುದು ಈ ಬಡ ಪ್ರದೇಶಕ್ಕೆ. ರಕ್ತದೊತ್ತಡ ಕುಸಿದಾಗ ಮೊದಲು ಸಾಯುವ ಕೋಶಗಳು ಅಲ್ಲಿಯವು.

ಹಾನಿಯ ಮೊದಲ ಗಂಟೆಗಳಲ್ಲೇ ಕೊಬ್ಬನ್ನು ಮೈಟೋಕಾಂಡ್ರಿಯಾದೊಳಕ್ಕೆ ಸಾಗಿಸುವ ಮತ್ತು ಉರಿಸುವ ಕಿಣ್ವಗಳ ಉತ್ಪಾದನೆ ಕುಗ್ಗುತ್ತದೆ. ಆ ಕಿಣ್ವಗಳ ವಂಶವಾಹಿಗಳನ್ನು ಎಚ್ಚರವಾಗಿಡುವ ಪಿಜಿಸಿ-1 ಆಲ್ಫಾ ಎಂಬ ನಿಯಂತ್ರಕ ಪ್ರೋಟೀನು ಕಡಿಮೆಯಾಗುವುದೇ ಇದರ ಹಿಂದಿನ ಮುಖ್ಯ ಕಾರಣ. ಉರಿಯದ ಕೊಬ್ಬು ಕೋಶದೊಳಗೆ ಹನಿಹನಿಯಾಗಿ ಶೇಖರವಾಗುತ್ತದೆ. ಕೋಶವು ಅನಿವಾರ್ಯವಾಗಿ ಗ್ಲುಕೋಸಿನ ಕಡೆಗೆ ತಿರುಗುತ್ತದೆ. ಲ್ಯಾಕ್ಟೇಟನ್ನು ಬಳಸುತ್ತಿದ್ದ ನಳಿಕೆ ಲ್ಯಾಕ್ಟೇಟನ್ನು ಹೊರಬಿಡತೊಡಗುತ್ತದೆ.

ಇನ್ನೊಂದು ಕೊರತೆ ಎನ್‌ಎಡಿಯದು. ಇಂಧನ ಯಾವುದೇ ಇರಲಿ, ಉರಿಯುವಾಗ ಹೊರಬರುವ ಎಲೆಕ್ಟ್ರಾನುಗಳನ್ನು ಹೊತ್ತೊಯ್ಯಲು ಈ ಅಣು ಬೇಕೇ ಬೇಕು. ಮೂತ್ರಪಿಂಡ ಇದನ್ನು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದಿಂದ ಹಲವು ಹಂತಗಳಲ್ಲಿ ತಯಾರಿಸಿಕೊಳ್ಳಬಲ್ಲದು. ಸಮೀರ್ ಪಾರಿಖ್ ಅವರ ತಂಡ 2016ರಲ್ಲಿ ನೇಚರ್ ಪತ್ರಿಕೆಯಲ್ಲೂ 2018ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲೂ ಪ್ರಕಟಿಸಿದ ಸಂಶೋಧನೆಗಳು ಹಾನಿಗೊಂಡ ಮೂತ್ರಪಿಂಡದಲ್ಲಿ ಈ ತಯಾರಿಕೆಯೇ ಮುರಿದು ಬೀಳುತ್ತದೆಂದು ತೋರಿಸಿದವು. ದಾರಿಯ ನಡುವಿನ ಕ್ವಿನೊಲಿನೇಟ್ ಎಂಬ ವಸ್ತು ಮುಂದೆ ಸಾಗದೆ ಮೂತ್ರದಲ್ಲಿ ಹೊರಬೀಳುತ್ತದೆ. ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗುವ ರೋಗಿಗಳಿಗೆ ಅಡ್ಡದಾರಿಯಿಂದ ಎನ್‌ಎಡಿ ಒದಗಿಸಲು ನಿಕೋಟಿನಮೈಡ್ ಕೊಟ್ಟು ನೋಡಿದ ಒಂದು ಸಣ್ಣ ಪ್ರಯೋಗವೂ ಆ ಎರಡನೆಯ ಲೇಖನದಲ್ಲಿದೆ. ಫಲಿತಾಂಶ ಆಶಾದಾಯಕ. ಆದರೆ ಅದು ಮೊದಲ ಹಂತದ ಪ್ರಯೋಗ. ಅದರ ಆಧಾರದಲ್ಲಿ ಔಷಧಿ ಚೀಟಿ ಬರೆಯಲಾಗದು.

ಸೋಲೋ, ರಕ್ಷಣೆಯೋ?

ಇಲ್ಲಿ ಒಂದು ತೊಡಕಿದೆ. ಪ್ರಯೋಗಾಲಯದ ಇಲಿಗಳಲ್ಲಿ ಹಾನಿ ಉಂಟುಮಾಡುವ ರೂಢಿಯ ವಿಧಾನವೆಂದರೆ ಮೂತ್ರಪಿಂಡದ ರಕ್ತನಾಳವನ್ನು ಸುಮಾರು ಅರ್ಧ ಗಂಟೆ ಚಿಮುಟದಿಂದ ಹಿಡಿದು ಬಿಡುವುದು. ತೀವ್ರ ನಿಗಾ ಘಟಕದ ರೋಗಿಗಳಲ್ಲಿ ಹಾನಿಗೆ ಅತಿ ಸಾಮಾನ್ಯ ಕಾರಣ ಸೆಪ್ಸಿಸ್, ಅಂದರೆ ರಕ್ತಕ್ಕಿಳಿದ ನಂಜು. ಎರಡೂ ಒಂದೇ ಅಲ್ಲ. ಆಸ್ಟ್ರೇಲಿಯಾದಲ್ಲಿ ರಿನಾಲ್ಡೊ ಬೆಲ್ಲೋಮೊ ಮತ್ತು ಸಂಗಡಿಗರು ಕುರಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಸೆಪ್ಸಿಸ್ ಆದಾಗ ಮೂತ್ರಪಿಂಡಕ್ಕೆ ಹರಿಯುವ ರಕ್ತ ಕಡಿಮೆಯಾಗುವ ಬದಲು ಹೆಚ್ಚಾದದ್ದು ಕಂಡುಬಂತು. ಆದರೂ ಸೋಸುವಿಕೆ ಕುಸಿದಿತ್ತು. ಸೆಪ್ಸಿಸ್‌ನಿಂದ ತೀರಿಕೊಂಡವರ ಮೂತ್ರಪಿಂಡವನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಸತ್ತ ಕೋಶಗಳು ವಿರಳ. ರಕ್ತವಿದೆ, ಕೋಶಗಳೂ ಬದುಕಿವೆ, ಕೆಲಸ ಮಾತ್ರ ನಡೆಯುತ್ತಿಲ್ಲ.

ಇದಕ್ಕೆ ಒಂದು ಸುಳಿವು 1976ರಷ್ಟು ಹಿಂದೆಯೇ ಸಿಕ್ಕಿತ್ತು. ತುರಾವ್ ಮತ್ತು ಬಾಯ್ಲನ್ ಎಂಬ ಶರೀರಶಾಸ್ತ್ರಜ್ಞರು ಆ ವರ್ಷ ಬರೆದ ಲೇಖನದಲ್ಲಿ ಮೂತ್ರ ನಿಲ್ಲುವುದನ್ನು ಮೂತ್ರಪಿಂಡದ ವೈಫಲ್ಯ ಎನ್ನುವ ಬದಲು ಯಶಸ್ಸು ಎಂದು ಕರೆದರು. ಅವರ ತರ್ಕ ನೇರವಾದದ್ದು. ನಳಿಕೆಗಳು ಉಪ್ಪುನೀರನ್ನು ಎತ್ತಿಕೊಳ್ಳುವ ಶಕ್ತಿ ಕಳೆದುಕೊಂಡಿದ್ದು, ಸೋಸುವಿಕೆ ಮಾತ್ರ ನಿಮಿಷಕ್ಕೆ 125 ಮಿಲಿಲೀಟರಿನಂತೆ ಮುಂದುವರಿದರೆ ಏನಾಗುತ್ತದೆ? ದೇಹದಲ್ಲಿರುವ ಮೂರು ಲೀಟರ್ ಪ್ಲಾಸ್ಮಾ ಅರ್ಧ ಗಂಟೆಯೊಳಗೆ ಮೂತ್ರವಾಗಿ ಹರಿದುಹೋಗುತ್ತದೆ. ಹೀಗಾಗದಂತೆ, ನಳಿಕೆಯ ಕೆಳಭಾಗಕ್ಕೆ ಹೆಚ್ಚು ಉಪ್ಪು ಬಂದದ್ದನ್ನು ಗ್ರಹಿಸುವ ಕೋಶಗಳು ಒಳಬರುವ ರಕ್ತನಾಳವನ್ನು ಬಿಗಿಗೊಳಿಸಿ ಸೋಸುವಿಕೆಯನ್ನೇ ತಗ್ಗಿಸುತ್ತವೆ. ಇಂದಿನ ಸಂಶೋಧಕರು ಇದೇ ತರ್ಕವನ್ನು ಕೋಶದೊಳಕ್ಕೂ ಒಯ್ದಿದ್ದಾರೆ: ಸೆಪ್ಸಿಸ್‌ನಲ್ಲಿ ನಳಿಕೆಯ ಕೋಶ ದುಬಾರಿ ಕೆಲಸಗಳನ್ನು ನಿಲ್ಲಿಸಿ ಉಳಿದ ಶಕ್ತಿಯನ್ನು ಬದುಕುಳಿಯುವುದಕ್ಕೆ ಮೀಸಲಿಡುತ್ತದೆ ಎಂಬುದು ಅವರ ವಿವರಣೆ.

ಹಾಗಿದ್ದರೆ ಕೊಬ್ಬಿನಿಂದ ಗ್ಲುಕೋಸಿಗೆ ತಿರುಗುವುದು ರೋಗವೇ, ರೋಗದ ವಿರುದ್ಧದ ಉಪಾಯವೇ? ನನಗೆ ಕಾಣುವಂತೆ ಉತ್ತರ ಕಾಲಾವಧಿಯಲ್ಲಿದೆ. ಎರಡು ಮೂರು ದಿನಗಳ ಮಟ್ಟಿಗೆ ಅದು ಉಪಾಯ. ವಾರಗಳ ಕಾಲ ಹಿಂದಿರುಗದಿದ್ದರೆ ಅದೇ ರೋಗ. ಕತಾಲಿನ್ ಸುಸ್ಟಾಕ್ ಅವರ ತಂಡ 2015ರಲ್ಲಿ ತೋರಿಸಿದ್ದು ಇದರ ಉತ್ತರಾರ್ಧವನ್ನು: ಕೊಬ್ಬನ್ನು ಉರಿಸುವ ಸಾಮರ್ಥ್ಯ ಮರಳದ ನಳಿಕೆಗಳ ಸುತ್ತ ನಾರಿನಂಶ ಬೆಳೆದು ಗಾಯದ ಕಲೆಯಾಗುತ್ತದೆ, ಆ ಸಾಮರ್ಥ್ಯವನ್ನು ಮರಳಿಸಿದರೆ ಇಲಿಗಳಲ್ಲಿ ನಾರು ಕಡಿಮೆಯಾಗುತ್ತದೆ. ಕೋಶವೊಂದೊಂದನ್ನೇ ಬೇರ್ಪಡಿಸಿ ಅದರ ವಂಶವಾಹಿ ಚಟುವಟಿಕೆ ಓದುವ ತಂತ್ರದಿಂದ ಹಂಫ್ರೀಸ್ ಅವರ ತಂಡ 2020ರಲ್ಲಿ ದುರಸ್ತಿ ಅರ್ಧಕ್ಕೆ ನಿಂತ ನಳಿಕೆ ಕೋಶಗಳನ್ನು ಗುರುತಿಸಿದೆ. ಕ್ರಿಯಾಟಿನಿನ್ ಸಹಜಕ್ಕೆ ಬಂದ ಮೇಲೂ ಇಂಥ ಕೋಶಗಳು ಒಳಗೆ ಉಳಿದಿರುತ್ತವೆ.

ಸಕ್ಕರೆ: ಏರುವ ಭಯ, ಇಳಿಯುವ ಅಪಾಯ

ಗ್ಲುಕೋಸನ್ನು ತಯಾರಿಸಿ ರಕ್ತಕ್ಕೆ ಬಿಡುವುದು ಯಕೃತ್ತಿನ ಕೆಲಸವೆಂದು ಶಾಲೆಯಲ್ಲಿ ಕಲಿಯುತ್ತೇವೆ. ಮೂತ್ರಪಿಂಡವೂ ಆ ಕೆಲಸದಲ್ಲಿ ಪಾಲುದಾರ. ರಾತ್ರಿ ಉಪವಾಸದ ನಂತರ ಬೆಳಿಗ್ಗೆ ರಕ್ತಕ್ಕೆ ಬರುವ ಗ್ಲುಕೋಸಿನಲ್ಲಿ ಸುಮಾರು ಐದನೇ ಒಂದು ಭಾಗ ಮೂತ್ರಪಿಂಡದ್ದು. ಉಪವಾಸ ಬೆಳೆದಂತೆ ಈ ಪಾಲೂ ಬೆಳೆಯುತ್ತದೆ. ಕಚ್ಚಾ ವಸ್ತು ಲ್ಯಾಕ್ಟೇಟ್, ಗ್ಲುಟಮಿನ್ ಮತ್ತು ಗ್ಲಿಸರಾಲ್. ಈ ತಯಾರಿಕೆ ನಡೆಯುವುದು ಹಾನಿಗೆ ಮೊದಲು ತುತ್ತಾಗುವ ಅದೇ ಸಮೀಪ ನಳಿಕೆಯಲ್ಲಿ. ಇನ್ಸುಲಿನ್ನನ್ನು ಒಡೆಯುವುದೂ ಅಲ್ಲೇ. ಚುಚ್ಚುಮದ್ದಿನಿಂದ ಕೊಟ್ಟ ಇನ್ಸುಲಿನ್ನಿನ ಸುಮಾರು ಮೂರನೇ ಒಂದು ಭಾಗವನ್ನು ನಿವಾರಿಸುವುದು ಮೂತ್ರಪಿಂಡ.

ಆದ್ದರಿಂದ ಹಾನಿಯಾದಾಗ ರಕ್ತದ ಸಕ್ಕರೆಯನ್ನು ಎರಡು ಶಕ್ತಿಗಳು ಎರಡು ದಿಕ್ಕಿಗೆ ಎಳೆಯುತ್ತವೆ. ಸ್ನಾಯುಗಳು ಇನ್ಸುಲಿನ್ನಿಗೆ ಓಗೊಡುವುದಿಲ್ಲ. ಯಕೃತ್ತು ಒತ್ತಡದ ಹಾರ್ಮೋನುಗಳ ಪ್ರಭಾವದಲ್ಲಿ ಸಕ್ಕರೆ ಸುರಿಯುತ್ತಲೇ ಇರುತ್ತದೆ. ಇದು ಏರಿಕೆಯ ಕಡೆ. ಇನ್ನೊಂದು ಕಡೆ ಮೂತ್ರಪಿಂಡದ ಸಕ್ಕರೆ ನಿಂತಿದೆ, ಇನ್ಸುಲಿನ್ ರಕ್ತದಲ್ಲೇ ಉಳಿದು ಹೆಚ್ಚು ಹೊತ್ತು ಕೆಲಸ ಮಾಡುತ್ತಿದೆ. ಐಸಿಯು ವೈದ್ಯರಿಗೆ ಏರಿಕೆಯ ಚಿಂತೆ ಹೆಚ್ಚು. ಇಳಿಕೆಯ ಕಡೆಗೆ ಗಮನ ಸೆಳೆದದ್ದು ಜಿನೀವಾದ ಲೆಗೂಯಿ, ಡಿ ಸೈನ್ಯೂ ಮತ್ತು ಸಂಗಡಿಗರು 2020ರಲ್ಲಿ ನೇಚರ್ ಮೆಟಬಾಲಿಸಂ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ. ಇಲಿಗಳಲ್ಲೂ ಮನುಷ್ಯರ ಮೂತ್ರಪಿಂಡದ ತುಣುಕುಗಳಲ್ಲೂ ಗ್ಲುಕೋಸ್ ತಯಾರಿಸುವ ಕಿಣ್ವಗಳು ಕುಸಿದಿದ್ದನ್ನು ಅವರು ಕಂಡರು. ಐಸಿಯು ರೋಗಿಗಳ ದಾಖಲೆಗಳಲ್ಲಿ, ಮೂತ್ರಪಿಂಡ ಹಾನಿಯ ಜೊತೆಗೆ ಗ್ಲುಕೋಸ್ ಕಡಿಮೆಯಿದ್ದು ಲ್ಯಾಕ್ಟೇಟ್ ಹೆಚ್ಚಿದ್ದವರಲ್ಲಿ ಸಾವು ಹೆಚ್ಚಿತ್ತು. ಲ್ಯಾಕ್ಟೇಟ್ ಏರಿತೆಂದರೆ ಅಂಗಾಂಗಗಳಿಗೆ ಆಮ್ಲಜನಕ ಸಾಲದೆಂದು ಓದುವುದು ರೂಢಿ. ಅದನ್ನು ಬಳಸಿಕೊಳ್ಳುತ್ತಿದ್ದ ಅಂಗವೇ ಕೈಬಿಟ್ಟಿರಬಹುದು ಎಂಬ ಇನ್ನೊಂದು ಓದು ಈ ಕೆಲಸದಿಂದ ಸಾಧ್ಯವಾಯಿತು. ಥಯಮಿನ್ ಪಡೆದ ರೋಗಿಗಳಲ್ಲಿ ಸ್ಥಿತಿ ಉತ್ತಮವಿತ್ತೆಂದೂ ಅವರು ಬರೆದಿದ್ದಾರೆ. ಅದು ಹಳೆಯ ದಾಖಲೆಗಳಿಂದ ತೆಗೆದ ಸಂಬಂಧ, ಕಾರಣವೆಂದು ಸಾಬೀತಾಗಿಲ್ಲ.

ನಮ್ಮ ಆಸ್ಪತ್ರೆಗಳಲ್ಲಿ ಈ ವಿಷಯಕ್ಕೆ ನಿತ್ಯದ ಉದಾಹರಣೆಯಿದೆ. ಸಕ್ಕರೆ ಕಾಯಿಲೆಗೆ ಗ್ಲಿಬೆನ್‌ಕ್ಲಮೈಡ್‌ನಂಥ ಅಗ್ಗದ ಮಾತ್ರೆ ನುಂಗುವ ಹಿರಿಯರೊಬ್ಬರಿಗೆ ವಾಂತಿಭೇದಿಯಾಗುತ್ತದೆ. ಊಟ ಬಿಟ್ಟಿರುತ್ತಾರೆ, ಮಾತ್ರೆ ಬಿಟ್ಟಿರುವುದಿಲ್ಲ. ದೇಹದ ನೀರು ಇಂಗಿ ಮೂತ್ರಪಿಂಡ ಸೋಲುತ್ತದೆ. ಮಾತ್ರೆಯ ಸಕ್ರಿಯ ಅಂಶಗಳು ಹೊರಹೋಗದೆ ಉಳಿಯುತ್ತವೆ, ಇನ್ಸುಲಿನ್ ಒಡೆಯುವುದಿಲ್ಲ, ಸಕ್ಕರೆ ತಯಾರಿಸುವ ಎರಡನೆಯ ಅಂಗವೂ ಇಲ್ಲ. ಪ್ರಜ್ಞೆ ತಪ್ಪಿ ಬಂದವರಿಗೆ ಗ್ಲುಕೋಸ್ ಕೊಟ್ಟರೆ ಎಚ್ಚರವಾಗುತ್ತದೆ, ಕೆಲವು ಗಂಟೆಗಳಲ್ಲಿ ಮತ್ತೆ ಸಕ್ಕರೆ ಇಳಿಯುತ್ತದೆ. ಒಂದು ಬಾಟಲಿ ಏರಿಸಿ ಮನೆಗೆ ಕಳಿಸುವುದು ಇಂಥವರಿಗೆ ಮಾರಕ. ಎರಡು ಮೂರು ದಿನಗಳಾದರೂ ಒಳರೋಗಿಯಾಗಿ ಇಟ್ಟುಕೊಂಡು ಸಕ್ಕರೆ ನೋಡುತ್ತಿರಬೇಕು. ಕೆಡಿಗೋ ಮಾರ್ಗಸೂಚಿ ಐಸಿಯು ರೋಗಿಗಳಿಗೆ ಸಕ್ಕರೆಯನ್ನು ಡೆಸಿಲೀಟರಿಗೆ 110ರಿಂದ 149 ಮಿಲಿಗ್ರಾಂ ನಡುವೆ ಇಡಲು ಹೇಳುತ್ತದೆ. ಇನ್ಸುಲಿನ್ ಬಿಗಿಯಾಗಿ ನಡೆಸುವ ಉತ್ಸಾಹ ಮೂತ್ರಪಿಂಡ ಸೋತವರಲ್ಲಿ ಸಲ್ಲದು.

ಸ್ನಾಯುವಿನ ಕರಗು

1949ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಗ್ರಹಾಂ ಬುಲ್ ಮತ್ತು ಸಂಗಡಿಗರು ಮೂತ್ರ ನಿಂತ ರೋಗಿಗಳಿಗೆ ಕೊಡುತ್ತಿದ್ದ ಆಹಾರದ ವಿವರ ಕುತೂಹಲಕರ: ದಿನಕ್ಕೆ 400 ಗ್ರಾಂ ಗ್ಲುಕೋಸ್, 100 ಗ್ರಾಂ ಕಡಲೆಕಾಯಿ ಎಣ್ಣೆ, ಒಂದು ಲೀಟರ್ ನೀರು. ಮೂಗಿನ ಕೊಳವೆಯಿಂದ ಹೊಟ್ಟೆಗೆ ಹನಿಹನಿಯಾಗಿ ಇಳಿಸುತ್ತಿದ್ದರು. ಪ್ರೋಟೀನು ಸೊನ್ನೆ. ಡಚ್ ವೈದ್ಯ ವಿಲ್ಲೆಮ್ ಕೋಲ್ಫ್ ಯುದ್ಧದ ನಡುವೆ ಕಾಂಪೆನ್ ಊರಿನಲ್ಲಿ 1943ರಲ್ಲಿ ತಯಾರಿಸಿದ ಡಯಾಲಿಸಿಸ್ ಯಂತ್ರ ಆಗಿನ್ನೂ ಎಲ್ಲೆಡೆ ಹರಡಿರಲಿಲ್ಲ. ಯೂರಿಯಾ ಹುಟ್ಟದಂತೆ ನೋಡಿಕೊಂಡರೆ ಮೂತ್ರಪಿಂಡ ತಾನಾಗಿ ಚೇತರಿಸುವ ತನಕ ರೋಗಿಯನ್ನು ಉಳಿಸಿಕೊಳ್ಳಬಹುದು ಎಂಬುದು ಅವರ ಎಣಿಕೆ. ಆ ಕಾಲಕ್ಕೆ ಅದು ಜಾಣತನದ ಚಿಕಿತ್ಸೆ. ಅದರ ನೆರಳಾದ ‘ಕಿಡ್ನಿ ಕೆಟ್ಟಿದೆ, ಬೇಳೆ ಮೊಟ್ಟೆ ಮುಟ್ಟಬೇಡಿ’ ಎಂಬ ಸಲಹೆ ಇಂದಿಗೂ ವಾರ್ಡುಗಳಲ್ಲಿ ಓಡಾಡುತ್ತಿರುವುದು ಮಾತ್ರ ವಿಷಾದದ ಸಂಗತಿ.

ಏಕೆಂದರೆ ಹೊರಗಿನಿಂದ ಪ್ರೋಟೀನು ಬಾರದಿದ್ದರೆ ದೇಹ ಒಳಗಿನದನ್ನು ಒಡೆಯುತ್ತದೆ. ತೀವ್ರವಾಗಿ ಕಾಯಿಲೆ ಬಿದ್ದ ರೋಗಿಗಳಲ್ಲಿ ಒಡೆಯುವ ಪ್ರೋಟೀನಿನ ಪ್ರಮಾಣ ದಿನಕ್ಕೆ ಪ್ರತಿ ಕೆಜಿ ದೇಹತೂಕಕ್ಕೆ 1.4ರಿಂದ 1.8 ಗ್ರಾಂ ಎಂದು ಅಳೆಯಲಾಗಿದೆ. 60 ಕೆಜಿಯ ವ್ಯಕ್ತಿಗೆ ಅದು 90 ಗ್ರಾಂ ಆಸುಪಾಸು. ಸ್ನಾಯುವಿನ ತೂಕದಲ್ಲಿ ಪ್ರೋಟೀನು ಐದನೇ ಒಂದು ಪಾಲಷ್ಟೇ ಆದ್ದರಿಂದ, ಊಟವೇ ಇಲ್ಲದ ದಿನ ಕರಗುವ ಮಾಂಸ ನಾನೂರು ಗ್ರಾಂ ದಾಟುತ್ತದೆ. ಕ್ಲಾರ್ಕ್ ಮತ್ತು ಮಿಚ್ 1983ರಲ್ಲಿ ಇಲಿಗಳಲ್ಲಿ ತೋರಿಸಿದಂತೆ, ಮೂತ್ರಪಿಂಡ ಸೋತ ದೇಹದ ಸ್ನಾಯು ಇನ್ಸುಲಿನ್ ಹೇಳಿದರೂ ಪ್ರೋಟೀನು ಕಟ್ಟುವುದಿಲ್ಲ, ಒಡೆಯುವುದನ್ನೂ ನಿಲ್ಲಿಸುವುದಿಲ್ಲ. ಈ ಬೆಂಕಿಗೆ ತುಪ್ಪ ಸುರಿಯುವುದು ಆಮ್ಲೀಯತೆ. ದಿನವೂ ಹುಟ್ಟುವ ಆಮ್ಲವನ್ನು ಮೂತ್ರಪಿಂಡ ಗ್ಲುಟಮಿನ್‌ನಿಂದ ಅಮೋನಿಯಾ ತಯಾರಿಸಿ ಅದರೊಡನೆ ಹೊರಹಾಕುತ್ತಿತ್ತು. ಅದು ನಿಂತಾಗ ರಕ್ತದ ಬೈಕಾರ್ಬನೇಟ್ ಇಳಿಯುತ್ತದೆ, ಕಾರ್ಟಿಸಾಲ್ ಏರುತ್ತದೆ, ಸ್ನಾಯುಕೋಶದೊಳಗಿನ ಪ್ರೋಟೀನು ಒಡೆಯುವ ವ್ಯವಸ್ಥೆಯಾದ ಯುಬಿಕ್ವಿಟಿನ್–ಪ್ರೋಟಿಯಾಸೋಮ್ ಚುರುಕಾಗುತ್ತದೆ.

ಕೆಲವು ಅಮೈನೋ ಆಮ್ಲಗಳ ಸ್ಥಾನಮಾನವೇ ಬದಲಾಗುತ್ತದೆ. ಕರುಳಿನಿಂದ ಬಂದ ಸಿಟ್ರುಲಿನ್ನನ್ನು ಅರ್ಜಿನಿನ್ ಆಗಿಸುವುದು ಮುಖ್ಯವಾಗಿ ಮೂತ್ರಪಿಂಡ. ಫಿನೈಲಲನಿನ್‌ನಿಂದ ಟೈರೊಸಿನ್ ಮಾಡುವುದರಲ್ಲೂ ಅದಕ್ಕೆ ದೊಡ್ಡ ಪಾತ್ರವಿದೆ. ಆರೋಗ್ಯವಂತರು ಆಹಾರದಿಂದ ಪಡೆಯಲೇಬೇಕಿಲ್ಲದ ಟೈರೊಸಿನ್, ಈ ರೋಗಿಗಳಿಗೆ ಪಡೆಯಲೇಬೇಕಾದದ್ದು. ನಿರಂತರ ಡಯಾಲಿಸಿಸ್ ಇದರ ಮೇಲೆ ದಿನಕ್ಕೆ 10ರಿಂದ 15 ಗ್ರಾಂ ಅಮೈನೋ ಆಮ್ಲವನ್ನು ಒಯ್ಯುತ್ತದೆ. ನೀರಿನಲ್ಲಿ ಕರಗುವ ಜೀವಸತ್ವಗಳೂ ಅದರೊಡನೆ ಹೋಗುತ್ತವೆ.

ಹಾಗೆಂದು ಪ್ರೋಟೀನನ್ನು ತುರುಕಿದರೂ ಪ್ರಯೋಜನವಿಲ್ಲ. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಎಫರ್ಟ್ ಅಧ್ಯಯನ ದಿನಕ್ಕೆ ಕೆಜಿಗೆ 2.2 ಗ್ರಾಂ ಅಥವಾ ಹೆಚ್ಚು ಪ್ರೋಟೀನು ಕೊಡುವುದನ್ನು 1.2 ಗ್ರಾಂ ಅಥವಾ ಕಡಿಮೆ ಕೊಡುವುದರೊಡನೆ ಹೋಲಿಸಿತು. ಒಟ್ಟಾರೆ ಲಾಭ ಕಾಣಲಿಲ್ಲ. ಮೂತ್ರಪಿಂಡ ಹಾನಿಯಿದ್ದ ರೋಗಿಗಳಲ್ಲಿ ಹೆಚ್ಚು ಪ್ರೋಟೀನು ಕೆಡುಕನ್ನೇ ಮಾಡಿದಂತೆ ತೋರಿತು. ಕಟ್ಟಲು ಒಪ್ಪದ ಸ್ನಾಯುವಿಗೆ ಇಟ್ಟಿಗೆ ಕಳಿಸಿದರೆ ಅದು ಯೂರಿಯಾ ಆಗುತ್ತದೆ. ಕೆಡಿಗೋ 2012ರ ಸಲಹೆ ಈಗಲೂ ವಿವೇಕದ್ದೆಂದು ನನ್ನ ಅಭಿಪ್ರಾಯ: ಡಯಾಲಿಸಿಸ್ ಬೇಕಿಲ್ಲದ, ದೇಹ ಕರಗುತ್ತಿಲ್ಲದ ರೋಗಿಗೆ 0.8ರಿಂದ 1.0 ಗ್ರಾಂ, ಡಯಾಲಿಸಿಸ್‌ನಲ್ಲಿರುವವರಿಗೆ 1.0ರಿಂದ 1.5, ನಿರಂತರ ಡಯಾಲಿಸಿಸ್ ಇದ್ದರೆ ಗರಿಷ್ಠ 1.7, ಒಟ್ಟು ಶಕ್ತಿ ಕೆಜಿಗೆ 20ರಿಂದ 30 ಕಿಲೋಕ್ಯಾಲರಿ. ಡಯಾಲಿಸಿಸ್ ಮುಂದೂಡಲೆಂದು ಪ್ರೋಟೀನು ಕಡಿತ ಮಾಡಬಾರದೆಂದೂ ಅದು ಸ್ಪಷ್ಟವಾಗಿ ಹೇಳಿದೆ.

ಕೊಬ್ಬಿನ ವಿಷಯ ಬೇಗ ಮುಗಿಯುತ್ತದೆ. ಲಿಪೊಪ್ರೋಟೀನ್ ಲೈಪೇಸ್ ಮತ್ತು ಯಕೃತ್ತಿನ ಲೈಪೇಸ್ ಕಿಣ್ವಗಳು ಮಂದವಾಗಿ ರಕ್ತದ ಟ್ರೈಗ್ಲಿಸರೈಡ್ ಏರುತ್ತದೆ. ರಕ್ತನಾಳದ ಮೂಲಕ ಕೊಬ್ಬಿನ ದ್ರಾವಣ ಏರಿಸುವಾಗ ಇದನ್ನು ನೆನಪಿಡಬೇಕು.

ಖನಿಜಗಳು, ಮತ್ತು ನಮ್ಮ ನೆಲದ ಕಾರಣಗಳು

ಖನಿಜಗಳ ಏರುಪೇರು ಎಲ್ಲರಲ್ಲೂ ಒಂದೇ ತೆರನಲ್ಲ. ಅದು ಹಾನಿಯ ಕಾರಣವನ್ನು ಅವಲಂಬಿಸಿದೆ. 1941ರಲ್ಲಿ ಲಂಡನ್ನಿನ ಬಾಂಬ್ ದಾಳಿಯಲ್ಲಿ ಕಟ್ಟಡಗಳಡಿ ಸಿಕ್ಕಿ ಬದುಕಿ ಬಂದ ನಾಲ್ವರು ಮೂತ್ರಪಿಂಡ ಸೋತು ತೀರಿಕೊಂಡದ್ದನ್ನು ಬೈವಾಟರ್ಸ್ ಮತ್ತು ಬೀಲ್ ವರದಿ ಮಾಡಿದರು. ಇಂಥ ಜಜ್ಜುಗಾಯದಲ್ಲಿ ಒಡೆದ ಸ್ನಾಯುವಿನಿಂದ ಪೊಟ್ಯಾಸಿಯಂ ಮತ್ತು ಫಾಸ್ಫೇಟ್ ರಕ್ತಕ್ಕೆ ನುಗ್ಗುತ್ತವೆ. ಕ್ಯಾಲ್ಸಿಯಂ ಸತ್ತ ಸ್ನಾಯುವಿನಲ್ಲಿ ತಂಗಿ ರಕ್ತದಲ್ಲಿ ಇಳಿಯುತ್ತದೆ; ಚೇತರಿಕೆಯ ಹೊತ್ತಿಗೆ ಅದೇ ಕ್ಯಾಲ್ಸಿಯಂ ಹೊರಬಂದು ರಕ್ತದಲ್ಲಿ ಅತಿಯಾಗಬಹುದು. ಲಕ್ಷಣಗಳಿಲ್ಲದಿದ್ದರೆ ಆರಂಭದಲ್ಲಿ ಕ್ಯಾಲ್ಸಿಯಂ ಕೊಡಬಾರದೆನ್ನುವುದು ಇದಕ್ಕಾಗಿ.

ಇಲಿಜ್ವರದಲ್ಲಿ ಚಿತ್ರ ತಲೆಕೆಳಗಾಗುತ್ತದೆ. ಮಳೆಗಾಲದಲ್ಲಿ ಕರಾವಳಿಯ ಗದ್ದೆ ತೋಟಗಳಲ್ಲಿ ಕೆಸರಿಗಿಳಿಯುವವರನ್ನು ಕಾಡುವ ಈ ರೋಗದಲ್ಲಿ ಲೆಪ್ಟೊಸ್ಪೈರಾ ಸೂಕ್ಷ್ಮಾಣುವಿನ ಹೊರಪೊರೆಯ ಅಂಶಗಳು ನಳಿಕೆಯ ಸೋಡಿಯಂ ವಾಹಕಗಳನ್ನು ತಡೆಯುತ್ತವೆ. ಎತ್ತಿಕೊಳ್ಳದ ಸೋಡಿಯಂ ಕೆಳಕ್ಕೆ ಹರಿದು, ಅದಕ್ಕೆ ಬದಲಾಗಿ ಪೊಟ್ಯಾಸಿಯಂ ಮೂತ್ರದ ಪಾಲಾಗುತ್ತದೆ. ಕ್ರಿಯಾಟಿನಿನ್ ಏರಿದೆ, ಮೂತ್ರ ಧಾರಾಳವಾಗಿದೆ, ಪೊಟ್ಯಾಸಿಯಂ ಮಾತ್ರ ಕಡಿಮೆ. ಕಿಡ್ನಿ ರೋಗಿಯೆಂದು ಎಳನೀರು, ಬಾಳೆಹಣ್ಣು ನಿಲ್ಲಿಸುವ ಮೊದಲು ರಕ್ತದ ವರದಿ ನೋಡಬೇಕು. ಒಳನಾಡಿನ ಹೊಲಗಳಲ್ಲಿ ಕೊಳಕುಮಂಡಲ ಕಚ್ಚಿದವರ ಕಥೆ ಬೇರೆ: ವಿಷವು ರಕ್ತ ಹೆಪ್ಪುಗಟ್ಟುವ ಅಂಶಗಳನ್ನು ಸುಟ್ಟುಹಾಕಿ ಸೂಕ್ಷ್ಮ ರಕ್ತನಾಳಗಳನ್ನು ಮುಚ್ಚುತ್ತದೆ, ಕೆಲವರಲ್ಲಿ ಮೂತ್ರಪಿಂಡದ ಹೊರಭಾಗ ಪೂರ್ತಿ ಸತ್ತು ಚೇತರಿಕೆಯೇ ಇರುವುದಿಲ್ಲ.

ಚಿಕಿತ್ಸೆಯೂ ಖನಿಜಗಳನ್ನು ಕದಡುತ್ತದೆ. ಆಸ್ಟ್ರೇಲಿಯಾ–ನ್ಯೂಜಿಲೆಂಡಿನ ಅದೇ ಅಧ್ಯಯನದಲ್ಲಿ ತೀವ್ರ ಡಯಾಲಿಸಿಸ್ ಪಡೆದವರಲ್ಲಿ ಶೇ. 65 ಜನರಿಗೆ, ಕಡಿಮೆ ಪ್ರಮಾಣದ್ದು ಪಡೆದವರಲ್ಲಿ ಶೇ. 54 ಜನರಿಗೆ ಫಾಸ್ಫೇಟ್ ಕೊರತೆಯಾಯಿತು. ಫಾಸ್ಫೇಟ್ ಇಲ್ಲದೆ ಎಟಿಪಿ ಇಲ್ಲ. ಉಸಿರಾಟದ ಸ್ನಾಯುಗಳಿಗೂ ಬಲವಿಲ್ಲ.

ಕೊನೆಯದಾಗಿ ಕ್ರಿಯಾಟಿನಿನ್ನಿನ ಬಗ್ಗೆ ಒಂದು ಎಚ್ಚರಿಕೆ. ಅದು ಸ್ನಾಯುವಿನಿಂದ ಹುಟ್ಟುವ ವಸ್ತು. ತಿಂಗಳ ಕಾಲ ಹಾಸಿಗೆ ಹಿಡಿದು ಸ್ನಾಯು ಕರಗಿದವರಲ್ಲಿ ಅದರ ಉತ್ಪಾದನೆಯೇ ಕಡಿಮೆಯಾಗಿರುತ್ತದೆ. ವರದಿಯಲ್ಲಿ 1.0 ಎಂದು ಬಂದದ್ದು ಮೂತ್ರಪಿಂಡ ಸುಧಾರಿಸಿದ್ದರಿಂದಲೋ ಮೈ ಸೊರಗಿದ್ದರಿಂದಲೋ ಹೇಳಲಾಗದು. ಅನುಕೂಲವಿದ್ದಲ್ಲಿ ಸ್ನಾಯುವನ್ನು ಹೆಚ್ಚು ಅವಲಂಬಿಸದ ಸಿಸ್ಟಾಟಿನ್-ಸಿ ಪರೀಕ್ಷೆ ಮಾಡಿಸಬಹುದು. ಅನುಕೂಲವಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದಾದ ಕೆಲಸವೊಂದಿದೆ. ಹಾನಿಯಾದ ಮೂರು ತಿಂಗಳಿಗೆ ರೋಗಿಯನ್ನು ಮತ್ತೆ ಪರೀಕ್ಷಿಸಬೇಕೆಂದು ಕೆಡಿಗೋ 2012ರಲ್ಲೇ ಹೇಳಿದೆ. ಬಿಡುಗಡೆಯ ಚೀಟಿಯಲ್ಲಿ ಆ ತಾರೀಖನ್ನು ಬರೆದುಕೊಡಿ. ಅಂದು ಕ್ರಿಯಾಟಿನಿನ್, ರಕ್ತದೊತ್ತಡ, ಮೂತ್ರದ ಪ್ರೋಟೀನು ನೋಡುವಾಗ ದೇಹದ ತೂಕವನ್ನೂ ಪಕ್ಕದಲ್ಲಿ ಗುರುತುಹಾಕಿ.